ಮುರ್ಡೋ ಬಂದಿದ್ದ

ಬಾಲ್‌ಕ್ರೇಗ್ ಫುಟ್‌ಬಾಲ್ ತಂಡಕ್ಕೆ ಇಪ್ಪತ್ತಾರು ವರ್ಷ ಬಕೆಟ್ಟು ಹೊತ್ತವನು ನಾನು, ವಾಟಿ. ಆಟಗಾರ ಬಿದ್ದರೆ ಓಡಿಹೋಗಿ ತಣ್ಣೀರಿನ ಸ್ಪಂಜು ಒತ್ತುವುದು, ಮೂಗು ಮುರಿದಿದ್ದರೆ ಎರಡು ಹೆಬ್ಬೆರಳಲ್ಲಿ ಎಳೆದು ಕೂರಿಸುವುದು, "ಏಳೋ, ಸತ್ತಿಲ್ಲ ನೀನು" ಎಂದು ಎಬ್ಬಿಸಿ ಕಳಿಸುವುದು. ವೈದ್ಯ ಗಿದ್ಯ ಏನೂ ಅಲ್ಲ. ವಾರವೆಲ್ಲ ಬಂದರಿನ ಶೆಡ್ಡಿನಲ್ಲಿ ಮೀನು ಕೊಯ್ಯುತ್ತಿದ್ದೆ. ನನ್ನ ಜೊತೆಯಲ್ಲೇ ಕೊಯ್ಯುತ್ತಿದ್ದವನು ಸ್ಟ್ರೂಅನ್ ಗೆಡ್ಡಿಸ್, ನಮ್ಮ ಗೋಲು ಹೊಡೆಯುವ ಆಟಗಾರ. ಸ್ಕಾಟ್‌ಲೆಂಡಿನ ಕಟ್ಟಕಡೆಯ ಡಿವಿಜನ್ನಿನಲ್ಲಿ ನೂರ ಅರವತ್ತೆರಡು ಗೋಲು ಹೊಡೆದ ಗಂಡು. ಅವನ ಕಥೆ ಹೇಳುವವರೆಲ್ಲ ಆ ಗೋಲುಗಳನ್ನೇ ಹೇಳುತ್ತಾರೆ. ನಾನು ಮಾಡಿದ ಹಲ್ಕಾ ಕೆಲಸ ಗೊತ್ತಿರುವುದು ಮೂವರಿಗೆ ಮಾತ್ರ.

ಎಂಬತ್ತಮೂರರ ಜನವರಿ. ಹಿಮ ಬೆರೆತ ಮಳೆ, ಮೈದಾನವೆಲ್ಲ ಕೆಸರು. ಇನ್ವರ್‌ಡೋನ್ ತಂಡದ ರಕ್ಷಣೆಯಲ್ಲಿ ಮುರ್ಡೋ ಪೆಟ್ರಿ ಎಂಬ ದೈತ್ಯನಿದ್ದ. ಸ್ಟ್ರೂಅನ್ ಚೆಂಡು ಎಳೆದುಕೊಂಡು ನುಗ್ಗಿದ, ಮುರ್ಡೋ ಜಾರಿಕೊಂಡು ಬಂದ. ಒಣಕಟ್ಟಿಗೆ ಮುರಿದ ಸದ್ದು ನನ್ನ ಬೆಂಚಿನವರೆಗೆ ಕೇಳಿತು. ನಾನು ಓಡಿಹೋಗಿ ನೋಡಿದರೆ ಸ್ಟ್ರೂಅನ್‌ನ ಮೂಳೆ ಕಾಲುಚೀಲ ಹರಿದು ಹೊರಗೆ ಬಂದಿತ್ತು. ಅವರ ಕಡೆಯ ಪ್ರೇಕ್ಷಕರು ನಗುತ್ತ, ಬಿದ್ದವನ ಮೇಲೆ ತಿಂದುಳಿದ ಮಾಂಸದ ಪೈ ಎಸೆದರು. ಇಪ್ಪತ್ತೆರಡು ವರ್ಷದ ಹುಡುಗ! ನನ್ನ ಮೈಯೆಲ್ಲ ಹತ್ತಿ ಉರಿಯಿತು.

ಮೂರನೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಮುರ್ಡೋ ನಿಂತಿದ್ದ. ಟೋಪಿ ಕೈಯಲ್ಲಿ, ಕಣ್ಣು ಕೆಂಪು.

"ಒಂದ್ಸಲ ನೋಡಿ ಹೋಗ್ತೀನಿ ಅಷ್ಟೇ. ಚೆಂಡಿಗೇ ಹೋಗಿದ್ದು ನಾನು, ದೇವರಾಣೆ. ಕ್ಷಮೆ ಕೇಳ್ಬೇಕು."

"ನಿನ್ನ ಕ್ಷಮೆ ತಗೊಂಡು ಮೂಳೆಗೆ ಹಚ್ಕೋಬೇಕಾ? ಹೋಗ್ತೀಯೋ, ಇಲ್ಲಿಂದ ಉರುಳಿಸ್ಲೋ?"

ಎದೆಗೆ ಕೈ ಹಾಕಿ ನೂಕಿದೆ. ಅವನು ಮನಸ್ಸು ಮಾಡಿದ್ದರೆ ನನ್ನನ್ನು ಒಂದೇ ಕೈಯಲ್ಲಿ ಎತ್ತಿ ಬಿಸಾಡಬಹುದಿತ್ತು. ಸುಮ್ಮನೆ ಇಳಿದು ಹೋದ.

ಒಳಗೆ ಸ್ಟ್ರೂಅನ್ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. "ಇನ್ನು ಆಡಲ್ಲ ವಾಟಿ. ಮುಗೀತು."

ಆಗ ನನ್ನ ಬಾಯಿಂದ ಆ ಸುಳ್ಳು ಬಂತು. "ಆ ಪೆಟ್ರಿ ನಿನ್ನೆ ಹೆಂಡದಂಗಡಿಯಲ್ಲಿ ಏನಂದ ಗೊತ್ತಾ? ಕೋಳಿ ಕಾಲು ಮುರಿದಷ್ಟು ಸಲೀಸಾಗಿತ್ತು ಅಂತ ನಕ್ಕನಂತೆ."

ಅವನು ನಿಧಾನವಾಗಿ ನನ್ನ ಕಡೆ ತಿರುಗಿದ. ಆ ಮುಖ ಕಂಡು ನನಗೆ ಖುಷಿಯಾಯಿತು ಎಂದರೆ ನಂಬುತ್ತೀರಾ? ಸಿಟ್ಟೇ ಮದ್ದು ಎಂದುಕೊಂಡಿದ್ದೆ. ಮುಂದಿನ ಚಳಿಗಾಲಕ್ಕೆ ಅವನು ಓಡುತ್ತಿದ್ದ.

ಓಡಿದ, ಗೋಲು ಹೊಡೆದ, ಜನರನ್ನೂ ಹೊಡೆದ. ಎದುರಿಗೆ ಬಂದ ರಕ್ಷಕರೆಲ್ಲ ಅವನಿಗೆ ಪೆಟ್ರಿಯೇ. ಒಬ್ಬ ಗೋಲ್‌ಕೀಪರನ ಕೆನ್ನೆಮೂಳೆ ಒಡೆದ, ಇನ್ನೊಬ್ಬನ ಕಿವಿ ಕಚ್ಚಿದ, ಹದಿನಾಲ್ಕು ಸಲ ಕೆಂಪು ಕಾರ್ಡು ತಿಂದ. ಒಂದು ಶನಿವಾರ ಅವನ ಮೊಣಕೈಯಿಂದ ಯಾರದೋ ಹಲ್ಲಿನ ಚೂರನ್ನು ಚಿಮಟದಲ್ಲಿ ಕಿತ್ತು ತೆಗೆದೆ. "ಪೆಟ್ರಿದಾ ನೋಡು ವಾಟಿ," ಎಂದು ನಕ್ಕ. ಪೆಟ್ರಿ ಆ ಜನವರಿಯ ನಂತರ ಚೆಂಡನ್ನೇ ಮುಟ್ಟಿರಲಿಲ್ಲ, ಬಸ್ಸು ಓಡಿಸಿಕೊಂಡಿದ್ದ. "ಹೆದರಿ ಬಿಲ ಸೇರ್ಕೊಂಡ, ರಂಡೆಮಗ," ಎನ್ನುತ್ತಿದ್ದ ಸ್ಟ್ರೂಅನ್. ಯಾಕೆ ಬಿಟ್ಟನೆಂದು ನನಗೆ ಗೊತ್ತಿತ್ತು. ತುಟಿ ಬಿಚ್ಚಲಿಲ್ಲ.

ಹತ್ತು ವರ್ಷಕ್ಕಿಂತ ಹೆಚ್ಚು ಒಂದೇ ತಂಡಕ್ಕೆ ಆಡಿದವನಿಗೆ ನಮ್ಮಲ್ಲಿ ಗೌರವ ಪಂದ್ಯ ಇಡುತ್ತಾರೆ. ಹಳೆಯ ಆಟಗಾರರು ಹೊಟ್ಟೆ ಕುಣಿಸಿಕೊಂಡು ಆಡುತ್ತಾರೆ, ಜನ ನಗುತ್ತಾರೆ, ಯಾರೂ ಯಾರನ್ನೂ ಜೋರಾಗಿ ತಾಗುವುದಿಲ್ಲ. ಎದುರು ತಂಡಕ್ಕೆ ಯಾರು ಬರಬೇಕೆಂದು ಅವನೇ ಆರಿಸುತ್ತಾನೆ. ತೊಂಬತ್ತನಾಲ್ಕರ ಆಗಸ್ಟಿನಲ್ಲಿ ಸ್ಟ್ರೂಅನ್ ಬರೆದ ಮೊದಲ ಹೆಸರು ಮುರ್ಡೋ ಪೆಟ್ರಿ. ಊರೆಲ್ಲ ಹೊಗಳಿತು, ಎಂಥ ದೊಡ್ಡ ಮನಸ್ಸು ಎಂದು. ಅದು ದೊಡ್ಡ ಮನಸ್ಸಲ್ಲ ಎಂದು ನನಗೊಬ್ಬನಿಗೇ ಗೊತ್ತಿತ್ತು.

ಮುರ್ಡೋ ಬಂದ. ತಲೆ ಬೋಳು, ಮೈ ದಪ್ಪ. ಎರಡೂ ಕೈಯಲ್ಲಿ ಸ್ಟ್ರೂಅನ್‌ನ ಕೈ ಹಿಡಿದು ಕುಲುಕುತ್ತಲೇ ಇದ್ದ. ಸ್ಟ್ರೂಅನ್ ಕೂಡ ನಕ್ಕ. ಮೊಣಕೈ ಬೀಸುವ ಮುಂಚೆ ನಗುವ ನಗು ಅದು.

"ಸ್ಟ್ರೂಅನ್, ಒಂದು ಮಾತು ಹೇಳ್ಬೇಕು," ಎಂದೆ.

"ಆಮೇಲೆ ಹೇಳೋ ಮುದುಕಾ. ಆಟ ಮುಗೀಲಿ."

ನಾನು ಪಕ್ಕಕ್ಕೆ ಸರಿದೆ. ಹೇಡಿ ನನ್ನ ಮಗ ನಾನು!

ಇಪ್ಪತ್ತನೆಯ ನಿಮಿಷಕ್ಕೆ ಚೆಂಡು ಇಬ್ಬರ ನಡುವೆ ಉರುಳಿ ಬಂತು. ಮುರ್ಡೋ ಬೇಕೆಂದೇ ನಿಂತುಬಿಟ್ಟ. "ತಗೋ ಮಾರಾಯ, ಹೊಡಿ, ನಿನ್ನ ದಿನ ಇವತ್ತು," ಎಂದ. ಸ್ಟ್ರೂಅನ್ ಚೆಂಡಿನ ಕಡೆ ನೋಡಲೇ ಇಲ್ಲ. ಎರಡೂ ಬೂಟು ಎತ್ತಿ ಮುರ್ಡೋನ ಮೊಣಕಾಲಿನ ಕೆಳಗೆ ಗುರಿಯಿಟ್ಟು ಹಾರಿದ.

ಒಂಬೈನೂರು ಜನ ಎದ್ದು ನಿಂತು ಕೂಗಾಡಿದರು. ರೆಫರಿ ಕೆಂಪು ಕಾರ್ಡು ತೆಗೆದ. ನಾನು ಓಡಿಹೋಗಿ ಮುರ್ಡೋನ ಪಕ್ಕ ಬಿದ್ದೆ. ಹುಲ್ಲೆಲ್ಲ ರಕ್ತ, ಪಾದ ಹಿಂದುಮುಂದಾಗಿ ತಿರುಗಿತ್ತು. ಅವನು ನನ್ನ ಅಂಗಿ ಹಿಡಿದುಕೊಂಡು ದಿಟ್ಟಿಸಿದ.

"ನೀನೇ ಅಲ್ವಾ ಅವತ್ತು ಆಸ್ಪತ್ರೇಲಿ ನೂಕಿದ್ದು? ನಾನು ಬಂದಿದ್ದೆ ಅಂತ ಇವನಿಗೆ ಹೇಳೇ ಇಲ್ವಾ?"

ಸ್ಟ್ರೂಅನ್ ನಮ್ಮ ಮೇಲೇ ನಿಂತು ಏದುಸಿರು ಬಿಡುತ್ತಿದ್ದ. "ಎಲ್ಲಿಗೆ ಬಂದಿದ್ದ? ವಾಟಿ, ಏನಿದು?"

"ಮೂರನೇ ದಿನ ಬಂದಿದ್ದ. ಕ್ಷಮೆ ಕೇಳೋಕೆ. ನಾನೇ ಓಡಿಸ್ದೆ."

"ಮತ್ತೆ ಆ ಹೆಂಡದಂಗಡಿ ಮಾತು?"

"ನಾನೇ ಕಟ್ಟಿದ್ದು ಮಗಾ. ನೀನು ಎದ್ದು ನಡೀಲಿ ಅಂತ."

ಮುಖ ಜಜ್ಜಿಹಾಕುತ್ತಾನೆ ಎಂದು ಕಣ್ಣು ಮುಚ್ಚಿ ಮುಖ ಎತ್ತಿದೆ. ಜಜ್ಜಲಿ ಎಂದೇ ಬೇಡಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಸ್ಟ್ರೂಅನ್ ಮಂಡಿಯೂರಿ ಮುರ್ಡೋನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾನು ಸ್ಪಂಜು ಅದ್ದಿದೆ. ಅವನು ನನ್ನ ಮಣಿಕಟ್ಟು ಹಿಡಿದು ಮೂಳೆ ಲಟಕ್ಕೆನ್ನುವಂತೆ ತಿರುವಿದ.

"ಮುಟ್ಬೇಡ ಅವನನ್ನ. ಎದ್ದು ಹೋಗು."

ಬಕೆಟ್ಟು ಅಲ್ಲೇ ಬಿಟ್ಟು, ಅಷ್ಟೂ ಜನರ ಮುಂದೆ ನಡೆದುಕೊಂಡು ಹೊರಗೆ ಬಂದೆ.

ಮೂರು ವಾರಕ್ಕೆ ಮುರ್ಡೋನ ಕಾಲು ಕತ್ತರಿಸಿದರು. ಸ್ಟ್ರೂಅನ್ ಮತ್ತೆ ಆಡಲಿಲ್ಲ. ಅವನು ಬೀದಿಗೆ ಬಂದರೆ ಜನ ಈಗಲೂ ಉಗಿಯುತ್ತಾರೆ, ಕೈಕುಲುಕಿ ಕಾಲು ಮುರಿದ ನಾಯಿ ಎನ್ನುತ್ತಾರೆ. ನನ್ನನ್ನು ಕಂಡರೆ ಬಾ ವಾಟಿ ಎಂದು ಕೂರಿಸಿ ಬಿಯರ್ ಕೊಡಿಸುತ್ತಾರೆ. ಅವನು ಒಬ್ಬರಿಗೂ ನನ್ನ ಹೆಸರು ಹೇಳಿಲ್ಲ.