ಕೊಸರಿಗೆ ಬಂದ ಎಳ್ಳು

ಎಳ್ಳುಬೆಲ್ಲದ ಡಬ್ಬಿಯೊಳಗೆ ಕೈಹಾಕಿದ ಮನುಷ್ಯ ಎಳ್ಳನ್ನೇ ಹುಡುಕಿ ತಿಂದದ್ದನ್ನು ನಾನಂತೂ ಕಂಡಿಲ್ಲ. ತಾವು ಕಂಡಿದ್ದರೆ ದಯವಿಟ್ಟು ತಿಳಿಸಬೇಕು. ನಾನು ಕೊಬ್ಬರಿಯ ಪಕ್ಷ. ನನ್ನ ಹೆಂಡತಿ ಗಿರಿಜೆ, ಯಾರೂ ನೋಡುತ್ತಿಲ್ಲವೆಂಬ ಭರವಸೆಯಲ್ಲಿ, ಬೆಲ್ಲದ ಚೂರುಗಳನ್ನಷ್ಟೇ ಆಯುವವಳು. ಮಗಳು ನಂದಿನಿ ಸಕ್ಕರೆ ಅಚ್ಚಿನ ಆನೆಯ ಸೊಂಡಿಲನ್ನು ಮೊದಲು ಮುರಿದು, ಆಮೇಲೆ ಕಡಲೆಬೀಜಕ್ಕೆ ಇಳಿಯುತ್ತಾಳೆ. ಹೀಗೆ ಎಲ್ಲರೂ ತಮ್ಮ ತಮ್ಮ ಇಷ್ಟಾರ್ಥಗಳನ್ನು ಸಾಧಿಸಿಕೊಂಡ ಮೇಲೆ ಡಬ್ಬಿಯ ತಳದಲ್ಲಿ, ಮದುವೆ ಮುಗಿದ ಚಪ್ಪರದಲ್ಲಿ ಉಳಿದ ದೂರದ ನೆಂಟರ ಹಾಗೆ, ಎಳ್ಳೊಂದೇ ಕೂತಿರುತ್ತದೆ. ಹೆಸರಿನಲ್ಲಿ ಅಗ್ರಸ್ಥಾನ, ಊಟದಲ್ಲಿ ಕೊನೆಯ ಪಂಕ್ತಿ. ಇಂಥ ಬಡಪಾಯಿ ಕಾಳಿನಿಂದ ಒಂದು ಮನೆಯ ಶಾಂತಿಗೆ ಭಂಗ ಬರಬಹುದೆಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ನಾನು ಹುಟ್ಟಿದ್ದು, ಬೆಳೆದದ್ದು, ತೆಂಗಿನಕಾಯಿ ವ್ಯಾಪಾರಕ್ಕೆ ಕೂತದ್ದು ಎಲ್ಲವೂ ಚೆನ್ನೈಯಲ್ಲೇ. ಅಪ್ಪ ತಿಪಟೂರು ಕಡೆಯವರು; ರೈಲ್ವೆ ಕೆಲಸ ಹಿಡಿದು ಇಲ್ಲಿಗೆ ಬಂದವರು. ಎಂಟನೆಯ ತರಗತಿಯ ಗಣಿತವೂ ನಾನೂ ಪರಸ್ಪರ ಸಮ್ಮತಿಯಿಂದ ಬೇರೆಯಾದ ಮೇಲೆ ಮೊದಲು ಮೂಟೆ ಹೊತ್ತೆ, ಆಮೇಲೆ ಕೋಯಂಬೇಡಿನ ಸಗಟು ಮಂಡಿಯೊಂದರಲ್ಲಿ ಕಾಯಿ ತಟ್ಟಿ ಆರಿಸುವವನಾದೆ, ಕೊನೆಗೆ ನುಂಗಂಬಾಕ್ಕಂನ ಹಳೆಯ ಬೀದಿಯೊಂದರ ಮೂಲೆಯಲ್ಲಿ ಸ್ವಂತ ಅಂಗಡಿ ಇಟ್ಟೆ. ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವನಲ್ಲ, ಅಪ್ಪ ತರಿಸುತ್ತಿದ್ದ ವಾರಪತ್ರಿಕೆಗಳಿಂದ ಕಲಿತವನು. ಆದ್ದರಿಂದ ನನ್ನ ಬರವಣಿಗೆ ಇಸ್ತ್ರಿ ಮಾಡಿಕೊಂಡು ಬರುತ್ತದೆ, ಮಾತು ಮಾತ್ರ ಲುಂಗಿಯಲ್ಲೇ ಓಡಾಡುತ್ತದೆ. ಯಾರ ಹಂಗಿನಲ್ಲೂ ಬದುಕಿದವನಲ್ಲ ಎಂಬ ಜಂಬ ನನಗುಂಟು. ಅದನ್ನು ಮುಚ್ಚಿಡುವಷ್ಟು ವಿನಯವನ್ನು ಇನ್ನೂ ಸಂಪಾದಿಸಿಲ್ಲ.

ನಮ್ಮ ಬೀದಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಕನ್ನಡದ ಹಿರಿಯರೊಬ್ಬರಿದ್ದಾರೆ. ಮಾರ್ಗಶಿರದ ಚಳಿ ಎಂದು ಚೆನ್ನೈಯವರು ಅಭಿಮಾನದಿಂದ ಕರೆಯುವ ಆ ತುಸು ಕಡಿಮೆ ಸೆಕೆ ಶುರುವಾದೊಡನೆ ಅವರು ಅಂಗಡಿಗೆ ಬಂದು, “ಬೆಂಗಳೂರಿಂದ ಯಾರಾದ್ರೂ ಬರೋರಿದಾರೇನ್ರೀ ಸಿದ್ದಲಿಂಗಪ್ಪ? ಸಂಕ್ರಾಂತಿಗೆ ಎಳ್ಳುಬೆಲ್ಲ ತರಿಸ್ಬೇಕಿತ್ತು” ಎಂದು ವಿಚಾರಿಸುವುದು ವಾಡಿಕೆ. ಬ್ಯಾಂಕು, ವಿಮೆ, ರೈಲ್ವೆಗಳಲ್ಲಿ ದುಡಿದು ಇಲ್ಲೇ ನೆಲೆನಿಂತ ಎಷ್ಟೋ ಕನ್ನಡ ಮನೆಗಳಲ್ಲಿ ಹಬ್ಬದ ಆಸೆ ಉಳಿದಿದೆ. ಕೊಬ್ಬರಿಯನ್ನು ಸಣ್ಣಗೆ ಹೆಚ್ಚುವ ಕೈಗಳು ಉಳಿದಿಲ್ಲ. ಹೋದ ವರ್ಷ ಅವರು ಹಾಗೆ ಕೇಳಿದಾಗ ನನ್ನ ತಲೆಯೊಳಗೆ ದೀಪ ಹತ್ತಿತು. ಬೆಂಗಳೂರು ಯಾಕೆ? ಕೊಬ್ಬರಿ ನನ್ನಲ್ಲಿದೆ, ಬೆಲ್ಲ ಕೋಯಂಬೇಡಿನಲ್ಲಿದೆ, ಉಳಿದದ್ದೆಲ್ಲ ಕೈಗೆಟುಕುವ ದೂರದಲ್ಲಿದೆ. ಹಬ್ಬದ ಮುಂಚಿನ ಕೆಲವು ದಿನ ಅಂಗಡಿಯ ಮುಂದೊಂದು ಮೇಜು ಹಾಕಿದರೆ ಸಾಕು. ಅಂದೇ ಸಾಮಾನು ಹೇಳಿದೆ, ಅಂದೇ ಊರಿಗೆಲ್ಲ ಸಾರಿದೆ. ಮನೆಯಲ್ಲಿ ಮಾತ್ರ ಹೇಳುವುದು ಉಳಿಯಿತು.

ನಮ್ಮ ಮನೆಯಲ್ಲಿ ಸಂಕ್ರಾಂತಿ ಎಂದರೆ ಅಮ್ಮ. ಬೆಳಗಿನ ಹೊತ್ತು ಮಿಂದು, ವಿಭೂತಿ ಧರಿಸಿ, ಎಡಗೈಯ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಪೂಜೆಗೆ ಕೂತರೆ, ಹೊರಗೆ ನೀರಿನ ಲಾರಿ ಬಂದು ಬೀದಿಯೆಲ್ಲ ಕೊಡಗಳ ಕದನವಾಗುತ್ತಿದ್ದರೂ ಆಕೆಗೆ ಕೇಳಿಸದು. ಹಬ್ಬದ ದಿನ ಎಳ್ಳುಬೆಲ್ಲವನ್ನು ಮೊದಲು ಲಿಂಗಕ್ಕೆ ತೋರಿಸಿ, ಸಂಜೆ ಪರಿಚಯದ ಕನ್ನಡ ಮನೆಗಳಿಗೆಲ್ಲ ತಾನೇ ಹೋಗಿ ಬೀರಿ ಬರುತ್ತಾಳೆ. ಮಂಡಿನೋವು ಶುರುವಾಗಿ ಅಂಗಡಿಯ ಕಡೆ ಬರುವುದನ್ನು ಬಿಟ್ಟರೂ ಇದೊಂದನ್ನು ಬಿಟ್ಟಿರಲಿಲ್ಲ. ಇಂಥ ಅಮ್ಮನ ಮುಂದೆ ಗಿರಿಜೆ ಸಂದರ್ಭ ನೋಡಿ ಹೇಳೋಣವೆಂದರೂ ಕೇಳದೆ, ಊಟಕ್ಕೆ ಕೂತಾಗ ನನ್ನ ವ್ಯಾಪಾರದ ಯೋಜನೆಯನ್ನು ಸವಿಸ್ತಾರವಾಗಿ ಬಿತ್ತರಿಸಿದೆ.

ಅಮ್ಮ ಸಾರಿನ ಬಟ್ಟಲನ್ನು ಕೆಳಗಿಟ್ಟಳು.

“ಎಳ್ಳು ಬೀರೋದು ಕಣೋ ಸಿದ್ದು. ಮಾರೋದು ಅಂದ್ರೇನು?”

“ಬೆಂಗಳೂರಲ್ಲೆಲ್ಲ ಮಾರ್ತಾರಮ್ಮ, ಪ್ಯಾಕೆಟ್‌ನಲ್ಲಿ.”

“ಅಲ್ಲಿಯೋರು ಏನ್ ಬೇಕಾದ್ರೂ ಮಾರ್ಕೊಳ್ಲಿ. ಲಿಂಗಕ್ಕೆ ತೋರ್ಸೋ ಎಳ್ಳನ್ನ ನನ್ನ ಮಗ ತಕ್ಕಡೀಲಿ ಹಾಕ್ತಾನೆ ಅಂದ್ರೆ, ಈ ಸಲ ನಾನು ಎಳ್ಳು ಬೀರಲ್ಲ. ಯಾವ ಮುಖ ಹೊತ್ಕೊಂಡ್ ಹೋಗ್ಲಿ? ‘ಅಂಗಡೀಲಿ ಉಳೀತು, ತಂದ್ರು’ ಅನ್ನಲ್ವಾ ಜನ?”

ಇಷ್ಟೇ. ಅಮ್ಮ ಜಗಳವಾಡುವ ಜಾತಿಯಲ್ಲ. ಅಟ್ಟದ ಮೇಲಿನಿಂದ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳನ್ನು ಇಳಿಸು ಎಂದು ಆ ವಾರದಲ್ಲಿ ಹೇಳಬೇಕಾದವಳು ಹೇಳಲಿಲ್ಲ. ಅಷ್ಟರಲ್ಲೇ ಮನೆ ಖಾಲಿಯಾದಂತಾಯಿತು. ಪೆರುಂಗುಡಿಯ ಕಚೇರಿಯಿಂದ ಬಂದ ನಂದಿನಿ ಎಲ್ಲವನ್ನೂ ಕನ್ನಡದಲ್ಲಿ ಕೇಳಿಸಿಕೊಂಡು, ತನ್ನ ಪದ್ಧತಿಯಂತೆ ತಮಿಳಿನಲ್ಲಿ ತೀರ್ಪು ಕೊಟ್ಟಳು: “ಅಜ್ಜಿ ಕಿಟ್ಟ ಒರು ವಾರ್ತೈ ಕೇಟ್ಟಿರುಕ್ಕಲಾಮೇ ಅಪ್ಪಾ.” ಅಜ್ಜಿಯನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂಬುದು ಅದರ ಸಾರ. ಕೇಳಬಹುದಿತ್ತು. ಆದರೆ ಸಾಮಾನು ಬಂದು ಬಿದ್ದಿತ್ತು, ಮಾತು ಹೊರಗೆ ಹೋಗಿತ್ತು, ಹಿಂದೆ ಸರಿಯಲು ನನ್ನ ಜಂಬ ಬಿಡಲಿಲ್ಲ. ಅಮ್ಮ ಹಬ್ಬ ಮಾಡದ ಮನೆಯಲ್ಲಿ ನಾನು ಹಬ್ಬವನ್ನು ಮಾರಲು ಹೊರಟೆ.

ಕಬ್ಬಿನ ಜಲ್ಲೆಗಳೂ ಅರಿಶಿನದ ಗಿಡಗಳೂ ಬೀದಿಗೆ ಬಂದ ದಿನ ನನ್ನ ಮೇಜೂ ಬಂತು. ಕನ್ನಡದವರು ಎಷ್ಟು ಜನ ಬಂದಾರು, ತಮಿಳರಿಗೂ ರುಚಿ ಹತ್ತಿಸಿದರೆ ವ್ಯಾಪಾರ ಬೆಳೆದೀತು ಎಂದು ದೂರಾಲೋಚನೆ ಮಾಡಿ, ಒಂದು ಬಟ್ಟಲಲ್ಲಿ ಎಳ್ಳುಬೆಲ್ಲ ಹಿಡಿದುಕೊಂಡು ಹೋಗಿಬರುವವರ ಅಂಗೈಗೆ ಚಿಟಿಕೆ ಚಿಟಿಕೆ ಹಾಕಲು ನಿಂತೆ. ಬೀದಿಯ ಜನ ಮುಗುಳ್ನಗುತ್ತಲೇ ಕೈ ಹಿಂದಕ್ಕೆ ಕಟ್ಟಿಕೊಂಡರು. ಎದುರು ಬದಿಯಲ್ಲಿ ಹೂ ಕಟ್ಟುವ ಸೆಲ್ವಿಯಾದರೂ ನನ್ನ ಪಕ್ಷದವಳೆಂದುಕೊಂಡು ಅವಳ ಬಳಿಗೆ ಹೋದರೆ, ನಾರು ಹಿಡಿದ ಕೈಯನ್ನು ಸೀರೆಯೊಳಗೆ ಬಚ್ಚಿಟ್ಟುಕೊಂಡು, “ವೇಂಡಾಂ ತೇಂಗಾ ಅಣ್ಣಾ” ಎಂದಳು. ತೆಂಗಿನಕಾಯಿಯ ಅಣ್ಣನಾದ ನನಗೆ ಅವಳು ಮುಂದೆ ತಮಿಳಿನಲ್ಲಿ ಹೇಳಿದ್ದರ ತಾತ್ಪರ್ಯ ಇದು: ಎಳ್ಳು ತೀರಿಕೊಂಡವರಿಗೆ ಬಿಡುವ ವಸ್ತು, ಶನಿಗೆ ಸಲ್ಲುವ ವಸ್ತು, ಅದನ್ನು ಬದುಕಿರುವವರ ಕೈಯಿಂದ ಕೈಗೆ ತೆಗೆದುಕೊಂಡರೆ ಕೊಟ್ಟವನ ಪೀಡೆಯೂ ಜೊತೆಗೆ ಬರುತ್ತದೆ. “ನಿಮ್ಮ ಕಷ್ಟಾನ ನನಗ್ಯಾಕಣ್ಣಾ ಹಂಚ್ತೀರಾ? ನನ್ನದೇ ಇದೆ ಬೇಕಾದಷ್ಟು.”

ಹುಟ್ಟಿದಂದಿನಿಂದ ಈ ಊರಿನ ನೀರು ಕುಡಿದವನು ನಾನು. ಎಳ್ಳುಂಡೆಯನ್ನು ಡಬ್ಬಿಗಟ್ಟಲೆ ತಿನ್ನುವ ಜನ ಬಿಡಿ ಎಳ್ಳಿಗೆ ಹೀಗೆ ಹೆದರುತ್ತಾರೆಂದು ಗೊತ್ತಿರಲಿಲ್ಲ ಎಂದರೆ ತಾವು ನಂಬಲಾರಿರಿ. ಆದರೆ ಎಳ್ಳು ಬೀರುತ್ತಿದ್ದದ್ದು ಅಮ್ಮ, ಅದೂ ಕನ್ನಡದ ಮನೆಗಳಿಗೆ ಮಾತ್ರ. ಬೇಲಿಯ ಆಚೆ ಏನಿದೆಯೆಂದು ನೋಡುವ ಪ್ರಸಂಗ ನನಗೆ ಬಂದೇ ಇರಲಿಲ್ಲ.

ಮನೆಗೆ ಬಂದು, ಸೋತವನ ಕೋಪದಲ್ಲಿ, ಗಿರಿಜೆಯ ಮುಂದೆ ಸೆಲ್ವಿಯ ಮೂಢನಂಬಿಕೆಯನ್ನು ಖಂಡಿಸುತ್ತಿದ್ದೆ. ಒಳಗಿನಿಂದ ನಗು ಕೇಳಿಸಿತು. ಆ ವಾರದಲ್ಲಿ ಅಮ್ಮ ನಕ್ಕದ್ದು ಅದೇ ಮೊದಲು.

“ಸರಿಯಾಗೇ ಹೇಳಿದಾಳೆ. ಯಾರೋ ಆ ಹೂವಿನವಳು? ನಾಳೆ ನನ್ನ ಅಲ್ಲಿಗೆ ಕರ್ಕೊಂಡ್ ಹೋಗು.”

“ಮಂಡಿನೋವು ಅಂತಿದ್ದೆ?”

“ಆಟೋ ಇಲ್ವಾ ಊರಲ್ಲಿ?”

ಮರುದಿನ ಅಮ್ಮ ಸೆಲ್ವಿಯ ಪಕ್ಕದಲ್ಲಿ ನನ್ನ ಅಂಗಡಿಯ ಸ್ಟೂಲು ಹಾಕಿಸಿಕೊಂಡು ಕೂತಳು. ಅಮ್ಮನ ತಮಿಳು ಎಂದರೆ ತಿಪಟೂರಿನ ಕನ್ನಡಕ್ಕೆ ಬಾಲ ಕಟ್ಟಿದ್ದು. ಸೆಲ್ವಿಯದು ಅಪ್ಪಟ ಚೆನ್ನೈ ತಮಿಳು. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಿತು. ಕಾಯಿ ಸುಲಿಯುವ ನೆಪದಲ್ಲಿ ನಾನು ಹತ್ತಿರವೇ ಇದ್ದೆ. ಕೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ.

“ಎಳ್ಳು ಮಾರೋದು ತಪ್ಪಲ್ವೇನಮ್ಮ?” ಎಂದು ಅಮ್ಮ ಕೇಳಿದಳು.

“ಮಾರೋದ್ರಲ್ಲಿ ತಪ್ಪೇನಿಲ್ಲಮ್ಮಾ. ಅಂಗಡೀಲಿ ಕಾಸು ಕೊಟ್ಟೇ ತಗೊಳ್ತೀವಿ. ಕೈಯಿಂದ ಕೈಗೆ ಕೊಡಬಾರದು, ಅಷ್ಟೇ.”

“ಕೈಯಿಂದ ಕೈಗೇ ಕೊಡ್ಬೇಕು. ಮಾರಬಾರದು.”

ಸೆಲ್ವಿ ಹೂ ಕಟ್ಟುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡಿದಳು. “ನಿಮ್ಮಲ್ಲಿ ಎಲ್ಲಾ ತಿರುಗಾಮುರುಗಾ” ಎಂದಳು. “ನಿಮ್ಮಲ್ಲೂ” ಎಂದಳು ಅಮ್ಮ. ಇಬ್ಬರೂ ನಕ್ಕರು. ನಾನು ನಗಲಿಲ್ಲ. ಒಬ್ಬಳಿಗೆ ಸಲ್ಲುವುದು ಇನ್ನೊಬ್ಬಳಿಗೆ ಸಲ್ಲದಿದ್ದರೂ ಇಬ್ಬರೂ ಒಂದೇ ಮನೆಯವರಂತೆ ಕೂತಿದ್ದರು; ಎಳ್ಳನ್ನು ಹಗುರವಾಗಿ ಕಂಡವನು ಆ ಬೀದಿಯಲ್ಲಿ ನಾನೊಬ್ಬನೇ ಎಂಬುದು ಆಗ ಹೊಳೆಯಿತು. ನನಗೆ ಯಾವ ನಂಬಿಕೆಯ ತೊಡಕೂ ಇಲ್ಲವೆಂದು ಹೆಮ್ಮೆಪಡುತ್ತಿದ್ದೆನಲ್ಲ, ಆ ಹೆಮ್ಮೆ ಅವರಿಬ್ಬರ ಎದುರು ಬಾಲಿಶವಾಗಿ ಕಂಡಿತು.

ಅಷ್ಟರಲ್ಲಿ ಒಬ್ಬಾಕೆ ಮಲ್ಲಿಗೆ ಕೇಳಿದಳು. ಸೆಲ್ವಿ ಮೊಳ ಹಾಕಿ ಕತ್ತರಿಸಿ, ಕಾಸು ತೆಗೆದುಕೊಂಡ ಮೇಲೆ, ಇನ್ನೊಂದು ಗೇಣು ಹೂವನ್ನು ಅದರ ಮೇಲಿಟ್ಟು ಕೊಟ್ಟಳು. ಇದಕ್ಕೆ ದುಡ್ಡಿಲ್ಲವೇ ಎಂದು ಅಮ್ಮ ಕೇಳಿದ್ದಕ್ಕೆ, “ಅದು ಸಾಮಿಗೆ ಅಮ್ಮಾ. ಮಾರಿದ್ದು ಹೊಟ್ಟೆಗೆ, ಮೇಲೆ ಇಟ್ಟದ್ದು ಸಾಮಿಗೆ. ಅದಿಲ್ದೆ ನಾನು ಹೂವೇ ಕೊಡಲ್ಲ” ಎಂದಳು.

ಗಿರಾಕಿಯ ಕೈಗೆ ಹೋದ ಆ ಗೇಣು ಹೂವನ್ನು ಅಮ್ಮ ಕಣ್ಣಲ್ಲೇ ಅಳೆದಳು. ಆಮೇಲೆ ನನ್ನನ್ನು ಕರೆದು, ಮನೆಯ ಯಜಮಾನಿಯ ಹಳೆಯ ದನಿಯಲ್ಲಿ ಅಪ್ಪಣೆ ಕೊಡಿಸಿದಳು: “ಕೊಬ್ಬರಿ, ಬೆಲ್ಲ, ಕಡ್ಲೆ ಏನಿದ್ರೂ ತೂಕ ಹಾಕು, ಮಾರು. ಎಳ್ಳು ತಕ್ಕಡಿಗೆ ಹತ್ತೋ ಹಾಗಿಲ್ಲ. ಅದು ಕೊಸರು. ನಾನು ಬಂದು ಬೀರ್ತೀನಿ. ಕೈಲಿ ತಗೊಳ್ಳೋರಿಗೆ ಕೈಲಿ. ಉಳಿದೋರಿಗೆ ತಟ್ಟೇಲಿಟ್ರೆ ಆಯ್ತಲ್ಲ ಸೆಲ್ವಿ?”

“ಕೆಳಗಿಟ್ರೆ ನಾನೇ ಮೊದಲು ತಗೊಳ್ತೀನಮ್ಮಾ” ಎಂದಳು ಸೆಲ್ವಿ.

ಹೇಳುವುದು ಸುಲಭ. ಎಳ್ಳು ಅಷ್ಟರಲ್ಲಾಗಲೇ ಎಲ್ಲದರೊಂದಿಗೆ ಬೆರೆತು ಪೊಟ್ಟಣಗಳಲ್ಲಿ ಸೇರಿತ್ತು. ನಾನು, ಗಿರಿಜೆ, ಕಚೇರಿಗೆ ರಜೆ ಹಾಕಿದ ನಂದಿನಿ, ಮೂವರೂ ಪೊಟ್ಟಣ ಬಿಚ್ಚಿ ಜರಡಿ ಹಿಡಿದೆವು. ಬೆರೆಸಲು ಅರ್ಧ ದಿನ ಸಾಕಾಗಿದ್ದ ವಸ್ತುಗಳು ಬೇರೆಯಾಗಲು ತೋಳಿನ ಶಕ್ತಿಯನ್ನೆಲ್ಲ ಕೇಳಿದವು. ಎಳ್ಳಿನ ಜೊತೆ ಬೆಲ್ಲದ ಪುಡಿಯೂ ಉದುರುವುದನ್ನು ಕಂಡು ನಾನು ಗೊಣಗಿದಾಗ, “ಪುಡಿ ಬೆಲ್ಲ ಪುಕ್ಕಟೆ ಹೋದ್ರೆ ನಿನ್ನ ಗಂಟೇನೂ ಹೋಗಲ್ಲ, ಜಾಲಿಸು” ಎಂದಳು ಅಮ್ಮ, ಅಟ್ಟದಿಂದ ಇಳಿಸಿದ ಪಡಿಯಚ್ಚುಗಳಿಗೆ ಸಕ್ಕರೆ ಪಾಕ ಹುಯ್ಯುತ್ತ. ಅವುಗಳನ್ನು ಇಳಿಸು ಎಂದು ಹೇಳಿಸಿಕೊಂಡಾಗ ನನ್ನ ಎದೆಯ ಮೇಲಿಂದ ಮೂಟೆಯೊಂದು ಇಳಿದಿತ್ತು. ಮೂಟೆ ಹೊತ್ತವನ ಮಾತು, ನಂಬಿ.

ಸಂಕ್ರಾಂತಿಯ ಬೆಳಿಗ್ಗೆ ಅಮ್ಮ ಪೂಜೆ ಮುಗಿಸಿ, ಲಿಂಗಕ್ಕೆ ತೋರಿಸಿದ ಎಳ್ಳನ್ನು ಉಳಿದ ಎಳ್ಳಿಗೆ ಬೆರೆಸಿ, ಹಣೆಯ ತುಂಬ ವಿಭೂತಿಯೊಂದಿಗೆ ಆಟೋದಿಂದ ಇಳಿದಳು. ತೂಕವೂ ಕಾಸೂ ನನ್ನ ಪಾಲಿಗೆ. ಪಕ್ಕದಲ್ಲಿ ಕೂತ ಅಮ್ಮನ ಪಾಲಿಗೆ ಎಳ್ಳು. ಬ್ಯಾಂಕಿನ ಹಿರಿಯರು ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಸೆಲ್ವಿ ತಟ್ಟೆಯಿಂದ ಪುಟ್ಟ ಪೊಟ್ಟಣವೊಂದನ್ನು ಎತ್ತಿಕೊಂಡು, ಬದಲಿಗೆ ಒಂದು ಅರಿಶಿನದ ಗಿಡವನ್ನು ಅಮ್ಮನ ಕೈಗೇ ಕೊಟ್ಟಳು; ಅರಿಶಿನಕ್ಕೆ ಯಾರ ತಕರಾರೂ ಇರಲಿಲ್ಲ. ಸೆಲ್ವಿ ತೆಗೆದುಕೊಂಡದ್ದನ್ನು ನೋಡಿ ಬೀದಿಯ ಹೆಂಗಸರು ಬಂದರು. ಪ್ರತಿಯೊಬ್ಬರಿಗೂ ಅಮ್ಮ ಬಾಯ್ತುಂಬ ಒಂದು ಒಳ್ಳೆಯ ಮಾತು ಹೇಳಿದಳು. ಅದು ಯಾವ ಭಾಷೆಯಲ್ಲಿತ್ತೋ ಅವಳಿಗೇ ಗೊತ್ತು. ವ್ಯಾಪಾರ ಹೇಗಾಯಿತೆಂದು ತಾವು ಕೇಳುವುದಾದರೆ, ಬ್ರಹ್ಮಾಂಡವೇನೂ ಆಗಲಿಲ್ಲ, ನಷ್ಟವೂ ಆಗಲಿಲ್ಲ. ಆ ಪ್ರಶ್ನೆ ನನಗೇ ಮರೆತುಹೋಗಿತ್ತು.

ಬಿಸಿಲೇರಿದ ಮೇಲೆ ಜನ ಕರಗಿದರು. ಸೊಂಟದ ಮೇಲೆ ಕೈಯಿಟ್ಟುಕೊಂಡು ಅಮ್ಮ ಎದ್ದು ನಿಂತಳು. ಮೇಜಿನ ಅಂಚನ್ನು ತಡವಿ, ಅದರ ಎತ್ತರವನ್ನು ಅಳೆಯುವವಳಂತೆ ನೋಡಿ, ಆಕ್ಷೇಪಣೆಯ ಸ್ವರದಲ್ಲಿ ಹೇಳಿದಳು: “ಬರೋ ವರ್ಷ ಇದರ ಕಾಲು ಒಂಚೂರು ಕುಯ್ಸು. ಕೂತ್ರೆ ನನ್ನ ಕೈಗೆ ಎಟುಕಲ್ಲ.”

ನಾನು ಆಗಲಿ ಎಂದು ತಲೆಯಾಡಿಸಿದೆ. ಅಮ್ಮನ ಕೈ ಎಟುಕುವ ಎತ್ತರ ಹಿಡಿದು ಮೇಜಿನ ಕಾಲಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ.