ಅಂಬಕ್ಕನ ತಂಪು ಅಟ್ಟ

ಬೊಮ್ಮಯ್ಯ ಕೂತಲ್ಲಿ ಕೂತಿದ್ದನ್ನು ನಾನಂತೂ ಕಂಡಿಲ್ಲ. ಹಳದೀಪುರದ ಈ ಮಾರಾಯ ಮಸ್ಕತ್ತಿನಲ್ಲಿ ಹದಿನಾಲ್ಕು ವರ್ಷ ಎಸಿ ಡಕ್ಟ್ ಕೂರಿಸಿ ಬಂದವ. ಡಕ್ಟ್ ಅಂದರೆ ಒಂದೇ ಮಷಿನ್ನಿನ ತಂಪು ಗಾಳಿಯನ್ನು ಕೋಣೆಕೋಣೆಗೂ ಒಯ್ಯುವ ತಗಡಿನ ಕೊಳವೆ. ಹೊನ್ನಾವರ, ಭಟ್ಕಳದ ಹನ್ನೊಂದು ಮನೆಗಳಿಗೆ ಅವನೇ ಅದನ್ನು ಹಾಕಿದ್ದು. ಗಾಡಿ ಓಡಿಸಲು, ಏಣಿ ಹಿಡಿಯಲು ನಾನು. ಚಾ ಕುಡಿಯುವಾಗಲೂ ಅವನ ಕಾಲು ಕುಣಿಯುತ್ತಲೇ ಇರುತ್ತದೆ, ನೋಡಿ ನೋಡಿ ನನಗೇ ತಲೆ ತಿರುಗುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಹೊನ್ನಾವರದ ರಮಾಕಾಂತರು ಫೋನ್ ಮಾಡಿದರು. "ಎಂತ ಬೊಮ್ಮಯ್ಯ ಇದು? ದಿನವಿಡೀ ಎಸಿ ಓಡ್ತದೆ, ಕೋಣೆ ಮಾತ್ರ ಬೇಯ್ತದೆ. ಕರೆಂಟ್ ಬಿಲ್ಲು ನೋಡಿದ್ರೆ ಎದೆ ಒಡೀತದೆ. ದೊಡ್ಡ ಮಷಿನ್ನೇ ತರಿಸೂದು, ಬಂದು ನೋಡು."

ಹೋದೆವು. ಬೊಮ್ಮಯ್ಯ ದೇವರ ಕೋಣೆಯಿಂದ ಊದುಬತ್ತಿ ತಂದು, ತಂಪು ಗಾಳಿ ಬರಬೇಕಾದ ಸೀಲಿಂಗಿನ ಜಾಲರಿಯ ಕೆಳಗೆ ಹಿಡಿದ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಗಾಳಿ ಬರುತ್ತಿದ್ದರೆ ತಾನೇ ಅದು ಅಲುಗುವುದು!

ಅಷ್ಟರಲ್ಲಿ ರಮಾಕಾಂತರ ಹೆಂಡತಿ ಅಂಬಕ್ಕ ಬಂದರು. "ಹೆಂಗೂ ಏಣಿ ಇಟ್ಟಿದ್ದೀ, ಅಟ್ಟದ ಮೇಲಿನ ಮಲ್ಲಿಗೆ ದಂಡೆ ತೆಗೆದು ಕೊಡು ಮಾರಾಯ."

"ಅಟ್ಟದಲ್ಲಿ ಹೂವಾ?" ಬೊಮ್ಮಯ್ಯ ಕೇಳಿದ.

"ಮತ್ತೆ? ಫ್ರಿಜ್ಜಲ್ಲಿ ಮೀನು ಇರ್ತದೆ. ದೇವರ ಹೂ ಅದ್ರಲ್ಲಿ ಇಡೂಕಾತದಾ? ನಮ್ಮ ಅಟ್ಟ ಭಾರೀ ತಂಪು. ಮೂರು ದಿನ ಆದ್ರೂ ಬಾಡೂದಿಲ್ಲ."

ಬೊಮ್ಮಯ್ಯನ ಕಾಲು ಕುಣಿಯುವುದು ನಿಂತಿತು. ಅವನ ಹಿಂದೆಯೇ ನಾನೂ ಹತ್ತಿದೆ. ಹೊರಗೆ ಹಂಚು ಕಾಯುತ್ತಿದ್ದ ಬಿಸಿಲಲ್ಲೂ ಆ ಅಟ್ಟದಲ್ಲಿ ಮೈ ಜುಂ ಅಂದಿತು. ಡಕ್ಟಿನ ಒಂದೊಂದು ಕೀಲಿನಲ್ಲೂ ಬಟ್ಟೆ ಟೇಪು ಕಳಚಿ ಜೋತುಬಿದ್ದಿತ್ತು. ಮಳೆಯೇ ಅಪರೂಪದ ಮಸ್ಕತ್ತಿನಲ್ಲಿ ಭದ್ರವಾಗಿ ಕೂರುತ್ತಿದ್ದ ಟೇಪು ಅದು. ಇಲ್ಲಿಯ ಮಳೆಗಾಲದ ತೇವ ಅದರ ಅಂಟನ್ನೆಲ್ಲ ತಿಂದು ಹಾಕಿತ್ತು. ಎರಡು ವರ್ಷದ ಹಿಂದೆ ಅದನ್ನು ಸುತ್ತಿದವನು ಬೇರೆ ಯಾರೂ ಅಲ್ಲ, ಬೊಮ್ಮಯ್ಯನೇ.

"ಮಷಿನ್ನೇ ಸಣ್ಣದಾತು, ಅಲ್ದಾ?" ಕೆಳಗಿನಿಂದ ರಮಾಕಾಂತರು ಕೂಗಿದರು.

ಹೂಂ ಅನ್ನು ಅಂತ ನಾನು ಸನ್ನೆ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಮಾಡಿದೆ. ಹೂಂ ಅಂದಿದ್ದರೆ ಅವನ ಹೆಸರು ಉಳಿಯುತ್ತಿತ್ತು, ತಪ್ಪು ಮಷಿನ್ನಿನ ತಲೆಗೆ ಹೋಗುತ್ತಿತ್ತು. ಆದರೆ ಅವನು ಇಳಿದು ರಮಾಕಾಂತರ ಎದುರು ನಿಂತ.

"ಮಷಿನ್ ಸಮ ಇದೆ ಅಣ್ಣ. ತಪ್ಪು ನನ್ನದು. ಕೀಲು ಬಿಟ್ಟು ನಿಮ್ಮ ತಂಪೆಲ್ಲ ಅಟ್ಟಕ್ಕೆ ಹೋಗ್ತಾ ಇದೆ."

"ಹಾಂ? ಎರಡು ವರ್ಷ ನಾನು ಹೂವಿಗೆ ಎಸಿ ಹಾಕಿದ್ನಾ!" ರಮಾಕಾಂತರು ಬಾಯಿಗೆ ಬಂದದ್ದೆಲ್ಲ ಬೈದರು. ಬೊಮ್ಮಯ್ಯ ಗಾಡಿಯಿಂದ ಗಾಳಿ ಸೋರದ ಹಾಗೆ ಮುಚ್ಚುವ ಲೇಪದ ಡಬ್ಬಿ ತಂದ. ಆಮೇಲೆ ಸಂಜೆಯವರೆಗೂ ಕೀಲುಕೀಲಿಗೂ ಲೇಪ ಮೆತ್ತಿದ. ಊದುಬತ್ತಿ ಮತ್ತೆ ಹಿಡಿದಾಗ ಹೊಗೆ ಚೆಲ್ಲಾಪಿಲ್ಲಿಯಾಯಿತು, ಕೋಣೆ ತಣ್ಣಗಾಗತೊಡಗಿತು. ಅಂಬಕ್ಕ ಮಾತ್ರ ಮುಖ ಊದಿಸಿಕೊಂಡು, "ಇನ್ನು ನನ್ನ ಹೂ ಎಲ್ಲಿಡೂದು?" ಅಂದರು.

ಗಾಡಿ ಹತ್ತಿದ್ದೇ ಅವನ ಕಾಲು ಮತ್ತೆ ಶುರುವಾಯಿತು. "ಇನ್ನೂ ಹತ್ತು ಮನೆಗೆ ಅದೇ ಟೇಪು ಸುತ್ತಿದ್ದೆ," ಎಂದ.

"ಅವರು ಯಾರಾದ್ರೂ ಕೇಳಿದ್ರಾ? ಸುಮ್ನೆ ಕೂತ್ಕೋ!" ನನಗೆ ಸಿಟ್ಟೇ ಬಂತು.

ಅವನು ಆಗಲೇ ಭಟ್ಕಳದ ಮಹಾಲಕ್ಷ್ಮೀ ಟೀಚರಿಗೆ ಫೋನ್ ಹಚ್ಚಿದ್ದ, ಸ್ಪೀಕರ್ ಹಾಕಿ.

"ಟೀಚರೇ, ಬೊಮ್ಮಯ್ಯ ಮಾತಾಡೂದು. ನಿಮ್ಮ ಅಟ್ಟ ತಂಪು ಇರ್ತದಾ?"

"ಅಯ್ಯೋ, ಭಾರೀ ತಂಪು! ಹೂ, ಹಣ್ಣು ಎಲ್ಲಾ ಅಲ್ಲೇ ಇಡೂದು. ನಿಂಗೆ ಹೆಂಗೆ ಗೊತ್ತಾತು?"

ಬೊಮ್ಮಯ್ಯ ನನ್ನ ಮುಖ ನೋಡಿದ. ಹಳದೀಪುರದ ದಾರಿ ಹಿಡಿದಿದ್ದ ಗಾಡಿಯನ್ನು ನಾನು ಭಟ್ಕಳದ ಕಡೆ ತಿರುಗಿಸಿದೆ.