ಪಿಕ್ನಿಕ್ ಬಸ್ಸಿನ ಪ್ರಾರ್ಥನೆ

ಮೇ ತಿಂಗಳು ಬಂದರೆ ಚೆನ್ನೈನ ಪಲ್ಲಾವರಂನ ನಮ್ಮ ಚರ್ಚಿನಲ್ಲಿ ಹತ್ತು ದಿನ ಮಕ್ಕಳದೇ ರಾಜ್ಯ. ಹಾಡು, ಬೈಬಲ್ ಕಥೆ, ಬಣ್ಣದ ಕಾಗದ, ನಡುವೆ ನೀರುಮಜ್ಜಿಗೆ. ವಿಬಿಎಸ್ ಎಂದು ಎಲ್ಲರೂ ಕರೆಯುವ ಈ ರಜಾ ಶಾಲೆಯಲ್ಲಿ ನಾನು ಚಿಕ್ಕವರ ಟೀಚರು. ಮೊದಲ ದಿನವೇ ಕಲಿಸುತ್ತೇನೆ: ಪ್ರಾರ್ಥನೆ ಎಂದರೆ ಚಪ್ಪಲಿ ಹೊರಗೆ ಬಿಡಬೇಕು, ಕೈ ಜೋಡಿಸಬೇಕು, ಕಣ್ಣು ಮುಚ್ಚಬೇಕು.

ಆ ವರ್ಷ ಎದುರುಮನೆಯ ಆರು ವರ್ಷದ ಹುಡುಗಿಯನ್ನೂ ಕರೆದುಕೊಂಡು ಹೋಗುತ್ತಿದ್ದೆ. ಅವರದು ತುಮಕೂರು ಕಡೆಯ ವಿಭೂತಿ ಹಚ್ಚುವ ಮನೆ, ನಾನು ಹುಬ್ಬಳ್ಳಿಯ ಕ್ರೈಸ್ತರ ಮನೆಯವಳು. ಈ ಊರಲ್ಲಿ ನಮ್ಮಿಬ್ಬರಿಗೂ ಕನ್ನಡವೇ ನಂಟು. ಅತ್ತೆ ಗೊಣಗಿದರೂ ತಾಯಿ ಮಗಳನ್ನು ಕಳಿಸುತ್ತಿದ್ದಳು. ಪಿಕ್ನಿಕ್ಕಿನ ಬೆಳಿಗ್ಗೆ ಆ ಪುಟ್ಟ ಕೈಯನ್ನು ನನ್ನ ಕೈಗಿಟ್ಟು, "ಅಕ್ಕಾ, ನಿಮ್ಮನ್ನ ನಂಬಿ ಕಳಿಸ್ತಿದೀನಿ" ಎಂದಳು.

"ನಾ ಅದೀನಲ್ಲವಾ, ಯಾಕ ಚಿಂತಿ ಮಾಡ್ತಿ?" ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ!

ಚರ್ಚಿನ ಅಂಗಳದಲ್ಲಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ತಲೆ ಎಣಿಸಿದೆ. ಎಲ್ಲರೂ ಇದ್ದರು. ಇವಳು ಬಾಗಿಲ ಪಕ್ಕದ ಸೀಟಿನಲ್ಲಿ, ನಾನು ಕಿಟಕಿಯ ಕಡೆ. ಆಮೇಲೆ ಸಭೆಯ ಹಿರಿಯರೊಬ್ಬರು ಪ್ರಯಾಣದ ಪ್ರಾರ್ಥನೆಗೆ ನಿಂತರು. ಪುಣ್ಯಾತ್ಮರು ಡ್ರೈವರನಿಂದ ಹಿಡಿದು ಟೈರಿನವರೆಗೆ ಯಾವುದನ್ನೂ ಬಿಡಲಿಲ್ಲ. ನಾವೆಲ್ಲ ಕಣ್ಣು ಮುಚ್ಚಿದ್ದೆವು. 'ಆಮೆನ್' ಅಂದದ್ದೇ ತಡ, ಬಸ್ಸು ಹೊರಟಿತು. ಪಕ್ಕದ ಸೀಟು ಖಾಲಿ ಇತ್ತು. ಹಿಂದೆ ಹಾಡುವ ಮಕ್ಕಳ ಜೊತೆ ಹೋಗಿರಬೇಕು ಅಂದುಕೊಂಡೆ.

ಗಿಂಡಿ ಬಡಾವಣೆ ದಾಟಿದ ಮೇಲೆ ಬಿಸ್ಕತ್ತು ಹಂಚಿದಾಗ ಒಂದು ಪ್ಯಾಕೆಟ್ಟು ಉಳಿಯಿತು. ಸೀಟು ಸೀಟೂ ಹುಡುಕಿದೆ. ಅಯ್ಯೋ ದೇವರೇ, ಹುಡುಗಿ ಇಲ್ಲ!

ಚರ್ಚಿನ ವಾಚ್‌ಮನ್‌ಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಅಲ್ಲೇ ಇಳಿದು ಆಟೋ ಹಿಡಿದೆ. ಬಸ್ಸು ಉಳಿದವರನ್ನು ಕರೆದುಕೊಂಡು ಅಣ್ಣಾ ನಗರದ ಪಾರ್ಕಿನ ಕಡೆ ಹೋಯಿತು. ಅಂದು ಶುಕ್ರವಾರ, ಪಲ್ಲಾವರಂ ಸಂತೆಯ ದಿನ. ಚರ್ಚಿನ ಗೇಟು ತೆರೆಯುವುದೇ ದೊಡ್ಡ ರಸ್ತೆಗೆ. ಲಾರಿ, ಬಸ್ಸು, ಆ ಜನಸಾಗರ. ತಾಯಿಯ ನಂಬರನ್ನು ಎರಡು ಸಲ ತೆಗೆದೆ, ಎರಡು ಸಲವೂ ಒತ್ತಲಿಲ್ಲ. ಹೇಡಿತನವೇ ಅದು, ಬೇರೆ ಹೆಸರಿಲ್ಲ. ಮಗು ಸಿಕ್ಕರೆ ಅವಳಿಗೆ ಹೇಳುವುದೇ ಬೇಡ ಎಂಬ ಲೆಕ್ಕಾಚಾರವೂ ನಡೆದಿತ್ತು.

ಹುಡುಗಿ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು, ನೀರಿನ ಬಾಟಲಿ ಖಾಲಿಯಾಗಿತ್ತು. ಕೆಳಗಿನ ಮೆಟ್ಟಿಲ ಬಳಿ ಅವಳ ಕೆಂಪು ಚಪ್ಪಲಿಗಳು ಒಂದರ ಪಕ್ಕ ಒಂದು ಇದ್ದವು. ಓಡಿಹೋಗಿ ತಬ್ಬಿಕೊಂಡೆ. ಯಾಕೆ ಇಳಿದೆ ಎಂದು ಗದರಿದೆ ಕೂಡ.

"ಪ್ರೇಯರ್‌ಕ್ಕು ಚೆರುಪ್ಪು ಪೋಡಕ್ಕೂಡಾದುನ್ನು ನೀಂಗದಾನೇ ಸೊನ್ನೀಂಗ, ಆಂಟಿ?" ಎಂದು ತರಗತಿಯ ತಮಿಳಿನಲ್ಲೇ ಬಿಕ್ಕಿದಳು.

ಪ್ರಾರ್ಥನೆಗೆ ಚಪ್ಪಲಿ ಹಾಕಬಾರದು ಎಂದು ಹೇಳಿದವಳು ನಾನೇ. ಬಸ್ಸಿನಲ್ಲಿ ಪ್ರಾರ್ಥನೆ ಶುರುವಾದದ್ದೇ, ಮಗು ಇಳಿದು ದಿನಾ ಬಿಡುವ ಜಾಗದಲ್ಲೇ ಚಪ್ಪಲಿ ಬಿಡಲು ಬಂದಿತ್ತು. ತಿರುಗಿ ನೋಡುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು.

ಮನೆಗೆ ಕರೆದುಕೊಂಡು ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದೆ. ಅವಳು ಕೂಗಾಡಲಿಲ್ಲ. "ಎಷ್ಟೊತ್ತು ಒಬ್ಳೇ ಇದ್ಲು?" ಎಂದಷ್ಟೇ ಕೇಳಿದಳು. 'ಸ್ವಲ್ಪ ಹೊತ್ತು' ಎಂಬ ಉತ್ತರ ನಾಲಗೆಯ ತುದಿಯಲ್ಲಿತ್ತು.

"ಒಂದೂಕಾಲು ತಾಸು" ಎಂದೆ. ಅವಳು ಮಗಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಸಮಾರೋಪ. ಇನ್ನು ಬರುವುದಿಲ್ಲ ಬಿಡು ಅಂದುಕೊಂಡಿದ್ದೆ. ಆದರೆ ಬಂದಳು ಹುಡುಗಿ, ಜೊತೆಗೆ ತಾಯಿಯೂ. ತಾಯಿ ನನ್ನ ಕಡೆ ನೋಡದೆ ಕೊನೆಯ ಬೆಂಚಿನಲ್ಲಿ ಕೂತಳು. ಪ್ರಾರ್ಥನೆ ಶುರುವಾಯಿತು, ಇಡೀ ಸಭೆ ಕಣ್ಣು ಮುಚ್ಚಿತು. ಅವಳು ಮುಚ್ಚಲಿಲ್ಲ, ಮಗಳನ್ನೇ ನೋಡುತ್ತಿದ್ದಳು. ಅದು ನನಗೆ ಕಂಡಿತು, ಯಾಕೆಂದರೆ ನಾನೂ ಮುಚ್ಚಿರಲಿಲ್ಲ.